ನರೆತ ತಲೆಯ ಗಾಯಕರ ಪರವಾಗಿ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ನಡೆದ ಒಂದು ಸಂಭಾಷಣೆಯೇ ಈ ಲೇಖನಕ್ಕೆ ಕಾರಣ. ಪಾಶ್ಚಾತ್ಯ ಸಂಗೀತದ ಮಾತು ಬಂದಾಗ ವಿದ್ವನ್ಮಿತ್ರರೊಬ್ಬರು, "ಅರುವತ್ತು ಎಪ್ಪತ್ತು ವರ್ಷದ ಮುದುಕರು ತೊಗಲಿನ ಅಂಗಿ ತೊಟ್ಟು, ಗಿಟಾರು ಹಿಡಿದು, ನಲುವತ್ತು ವರ್ಷಗಳ ಹಿಂದಿನ ಹಾಡುಗಳನ್ನೇ ಕೂಗುತ್ತ ಊರೂರು ತಿರುಗುವರಂತೆ. ಒಂದು ತಂಡಕ್ಕೆ ಜನ ಸೇರುವುದಿಲ್ಲವೆಂದು ಎರಡು ತಂಡಗಳು ಕೂಡಿ ಒಂದೇ ಟಿಕೆಟಿನಲ್ಲಿ ಆಟ ಕಟ್ಟುವುವಂತೆ. ವಾನಪ್ರಸ್ಥಕ್ಕೆ ತಕ್ಕ ವಯಸ್ಸಿನಲ್ಲಿ ಇದೆಂತಹ ವಿಡಂಬನೆ!" ಎಂದರು. ಸಭೆ ನಕ್ಕಿತು. ಶಿಷ್ಟಾಚಾರಕ್ಕಾಗಿ ನಾನೂ ನಕ್ಕೆನು. ಮನೆಗೆ ಬಂದ ಮೇಲೆ ಆ ನಗೆಯು ನನ್ನನ್ನು ಚುಚ್ಚತೊಡಗಿತು. ಮಿತ್ರರು ಕೇಳಿದುದನ್ನು ಹೇಳಿದ್ದರು. ನಾನು ಕಂಡುದನ್ನು ಹೇಳದೆ ಬಂದಿದ್ದೆನು. ಸಭೆಯೊಳಗೆ ಕುಳಿತ ಮೇಲೆ, ತಿಳಿದುದನ್ನು ಹೇಳದಿರುವುದು ದೋಷವೆಂಬುದು ಧರ್ಮಶಾಸ್ತ್ರದ ನಿರ್ಣಯ. ಆ ದೋಷಕ್ಕೆ ಈ ಬರಹವೇ ಪ್ರಾಯಶ್ಚಿತ್ತ.

೨೦೧೮ನೆಯ ಇಸವಿಯ ಫೆಬ್ರವರಿ ಕೊನೆಗೆ ನಾನು ಶಾಲೆಯ ಕೆಲಸದಿಂದ ನಿವೃತ್ತನಾದೆನು. ಮೂವತ್ತಮೂರು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದವನಿಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, "ಇನ್ನು ಆರಾಮವಾಗಿರಿ" ಎಂದು ಕಳುಹಿಸಿಕೊಟ್ಟರು. ಎಲ್ಲವೂ ಪ್ರೀತಿಯಿಂದಲೇ ನಡೆಯಿತು. ಅದರಲ್ಲಿ ನನಗೆ ಸಂದೇಹವಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಎಂದಿನಂತೆ ಮಡಿಚಿದ ಪಂಚೆಯನ್ನುಟ್ಟು, ಕೊಡೆ ಹಿಡಿದು ಬಾಗಿಲಿಗೆ ಬಂದು ನಿಂತೆನು. ಹೋಗತಕ್ಕ ಸ್ಥಳವಿಲ್ಲವೆಂಬುದು ಆಗ ನೆನಪಾಯಿತು. ಕೊಡೆಯನ್ನು ಗೋಡೆಗೆ ತೂಗುಹಾಕಿ ಒಳಗೆ ಹೋದೆನು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ವಾಚಕರು ಸ್ವಲ್ಪ ತಾಳ್ಮೆಯಿಂದಿರಬೇಕು.

ಅದೇ ವರ್ಷದ ಜೂನಿನಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯನು ಬೆಂಗಳೂರಿನಲ್ಲಿ ಓದಿದವನು. ೨೦೦೩ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ಪ್ರಸಿದ್ಧ ತಂಡವು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಊಟವನ್ನು ಬಿಟ್ಟು ಉಳಿಸಿದ ಹಣದಲ್ಲಿ ಟಿಕೆಟು ಕೊಂಡು ಹೋಗಿದ್ದವನು. ಆ ತಂಡದ ಗಾಯಕ ಮಿಕ್ ಜ್ಯಾಗರನಿಗೆ ಆಗ ೫೯ ವರ್ಷ. "ಮಾವ, ಒಂದು ಸಲ ನನ್ನೊಡನೆ ಬನ್ನಿ, ನಿಮ್ಮ ಪ್ರಾಯದವರೇ ಹಾಡುವುದು. ಹಿಡಿಸದಿದ್ದರೆ ಅರ್ಧಕ್ಕೆ ಎದ್ದು ಬರುವ" ಎಂದು ಅವನು ಒತ್ತಾಯಿಸಿದನು. ಅಳಿಯನ ಮಾತನ್ನು ಮೀರಲಾರದೆ ಹೊರಟೆನು.

ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭವನಕ್ಕೆ ನಾವು ಹೋದೆವು. ಹೆಸರಿನಲ್ಲಿ ಚೌಕವೂ ಉಂಟು, ತೋಟವೂ ಉಂಟು. ಕಣ್ಣಿಗೆ ಕಂಡುದು ರೈಲು ನಿಲ್ದಾಣದ ನೆತ್ತಿಯ ಮೇಲೆ ೧೯೬೮ರಲ್ಲಿ ತೆರೆಯಲ್ಪಟ್ಟ ದುಂಡನೆಯ ಮಹಾಮಂಟಪ. ಸುಮಾರು ಇಪ್ಪತ್ತು ಸಾವಿರ ಜನರು ಅದರಲ್ಲಿ ಕುಳಿತುಕೊಳ್ಳಬಹುದು. ಅಂದು ಎರಡು ಮೇಳಗಳ ಹಾಡುಗಾರಿಕೆ. ಅವರು ಬ್ಯಾಂಡು ಎನ್ನುವುದನ್ನು ನಾನು ಮೇಳವೆಂದೇ ಬರೆಯುತ್ತೇನೆ. ನಮ್ಮ ಕರಾವಳಿಯ ವಾಚಕರಿಗೆ ಆ ಶಬ್ದದಿಂದಲೇ ವಸ್ತುವಿನ ಸ್ವರೂಪವು ಚೆನ್ನಾಗಿ ತಿಳಿಯುವುದು. ಒಂದು, ೧೯೭೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದ 'ಜರ್ನಿ'. ಇನ್ನೊಂದು, ೧೯೭೭ರಲ್ಲಿ ಇಂಗ್ಲೆಂಡಿನ ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ಹುಟ್ಟಿದ 'ಡೆಫ್ ಲೆಪರ್ಡ್'. ಆ ವರ್ಷ ಮೇ ತಿಂಗಳಿಂದ ಅಕ್ಟೋಬರದವರೆಗೆ ಈ ಎರಡೂ ಜೊತೆಗೂಡಿ ಉತ್ತರ ಅಮೆರಿಕೆಯ ಐವತ್ತಕ್ಕೂ ಮೇಲ್ಪಟ್ಟ ಊರುಗಳಲ್ಲಿ ಸಂಚರಿಸಿದುವು. ಕೊನೆಯಲ್ಲಿ ಹಾಡುವುದೇ ಅಲ್ಲಿ ಅಗ್ರಪೂಜೆ. ಅದಕ್ಕಾಗಿ ಜಗಳವಾಗದಂತೆ ಒಂದೂರಿನಲ್ಲಿ ಒಬ್ಬರು, ಇನ್ನೊಂದೂರಿನಲ್ಲಿ ಮತ್ತೊಬ್ಬರು ಕೊನೆಗೆ ಹಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ರಾಜಸೂಯದಲ್ಲಿ ಇಷ್ಟು ವಿವೇಕವಿದ್ದಿದ್ದರೆ ಶಿಶುಪಾಲನ ತಲೆ ಉಳಿಯುತ್ತಿತ್ತು.

ಮೊದಲ ಹತ್ತು ನಿಮಿಷ ನನಗೆ ಏನೂ ತಿಳಿಯಲಿಲ್ಲ. ಸದ್ದು ಕಿವಿಯಿಂದಲ್ಲ, ಎದೆಯ ಗೂಡಿನಿಂದ ಒಳಗೆ ಬರುತ್ತಿತ್ತು. ಅಳಿಯನು ಕೊಟ್ಟ ಮೆತ್ತನೆಯ ಬಿರಡೆಗಳನ್ನು ಕಿವಿಗಿಟ್ಟುಕೊಂಡೆನು. ಆದರೆ ಚೆಂಡೆಯ ಪಕ್ಕದಲ್ಲಿ ಕುಳಿತು ರಾತ್ರಿಗಳನ್ನು ಕಳೆದು ಬೆಳೆದವನಿಗೆ ಸದ್ದಿನ ಭಯವಿಲ್ಲ. ಸದ್ದಿನ ಹಿಂದೆ ಲೆಕ್ಕವಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಲೆಕ್ಕವಿತ್ತು. ತಾಳವು ಕೂದಲೆಳೆಯಷ್ಟೂ ಅಳುಕಲಿಲ್ಲ. ನಾಲ್ಕು ಕಂಠಗಳು ಕೂಡಿ ಹಾಡುವಲ್ಲಿ ಶ್ರುತಿಯು ಒಡೆಯಲಿಲ್ಲ. ಅರ್ಧಕ್ಕೆ ಎದ್ದು ಬರುವ ಮಾತನ್ನು ನಾನೂ ಎತ್ತಲಿಲ್ಲ, ಅಳಿಯನೂ ಎತ್ತಲಿಲ್ಲ.

ಇನ್ನು ಪೂರ್ವಪಕ್ಷಕ್ಕೆ ಬರೋಣ. ಆಕ್ಷೇಪಗಳು ನಾಲ್ಕು. ಒಂದು, ಮುಪ್ಪಿನಲ್ಲಿ ಹೀಗೆ ಕುಣಿದು ಹಾಡುವುದು ಅನುಚಿತ. ಎರಡು, ಹಾಡಿದುದನ್ನೇ ಹಾಡುವುದು ಪುನರುಕ್ತಿ; ಕೇಳುವವರಿಗೆ ಅದು ಕಳೆದ ಯೌವನದ ಹಳಹಳಿಕೆಯಲ್ಲದೆ ಕಲೆಯಲ್ಲ. ಮೂರು, ಮೊದಲಿನವರು ಹೋಗಿ ಬೇರೆಯವರು ಸೇರಿದ ಮೇಲೆ ಅದು ಆ ಮೇಳವೇ ಅಲ್ಲ, ಹೆಸರೊಂದೇ ಉಳಿದುದು. ನಾಲ್ಕು, ಇದೆಲ್ಲವೂ ಹಣಕ್ಕಾಗಿ. ಒಂದೊಂದನ್ನೇ ಪರೀಕ್ಷಿಸುವೆನು.

ಅನೌಚಿತ್ಯದ ಮಾತು ಮೊದಲು. ಜರ್ನಿ ಮೇಳದ ಗಿಟಾರು ವಾದಕ ನೀಲ್ ಶಾನನಿಗೆ ಆ ವರ್ಷ ೬೪. ಅದರ ಮಂದ್ರ ಗಿಟಾರಿನ ರಾಸ್ ವ್ಯಾಲರಿಗೆ ೬೯. ಡೆಫ್ ಲೆಪರ್ಡಿನ ಗಾಯಕ ಜೋ ಎಲಿಯಟ್ಟನಿಗೆ ೫೮. ಇವರು ಹಾಡಬಾರದೆಂದು ಯಾವ ಶಾಸ್ತ್ರವು ಹೇಳುತ್ತದೆ? ಔಚಿತ್ಯವೆಂಬುದು ವಸ್ತುವಿಗೂ ಸ್ಥಾನಕ್ಕೂ ಇರುವ ಹೊಂದಿಕೆ. ಕಾಲ್ಗೆಜ್ಜೆಯನ್ನು ಕೊರಳಿಗೆ ಕಟ್ಟಿದರೆ ಅನೌಚಿತ್ಯ. ಹಾಡಬಲ್ಲವನು ಹಾಡುವ ಸ್ಥಾನದಲ್ಲಿ ನಿಂತರೆ ಅದು ಹೇಗೆ ಅನೌಚಿತ್ಯವಾದೀತು? ಹಾಡಲಾರದವನು ನಿಂತರೆ ಅದು ಬೇರೆ ಮಾತು. ಅಂತಹವನು ಇಪ್ಪತ್ತರ ತರುಣನಾದರೂ ಇಳಿಯತಕ್ಕವನೇ. ಪ್ರಾಯ ಸಂದ ಗಾಯಕರು ಶ್ರುತಿಯನ್ನು ಸ್ವಲ್ಪ ಇಳಿಸಿಕೊಂಡು ಹಾಡುವುದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಶ್ರುತಿಯನ್ನು ಇಳಿಸುವುದು ದೋಷವಲ್ಲ. ಶ್ರುತಿ ತಪ್ಪುವುದು ದೋಷ. ಮುದ್ರಿಸಿಟ್ಟ ಧ್ವನಿಯನ್ನು ಕೇಳಿಸಿ ಬಾಯಾಡಿಸುವುದು ದೋಷ. ಕಿವಿಯಿಂದ ನಿರ್ಣಯಿಸತಕ್ಕುದನ್ನು ಜಾತಕದಿಂದ ನಿರ್ಣಯಿಸಬಾರದು.

ಈ ವಿಷಯದಲ್ಲಿ ಡೆಫ್ ಲೆಪರ್ಡ್ ಮೇಳದ ಡ್ರಮ್ಮು ಬಾರಿಸುವ ರಿಕ್ ಅಲೆನ್ ಎಂಬಾತನ ವೃತ್ತಾಂತವನ್ನು ಹೇಳಲೇಬೇಕು. ೧೯೮೪ನೆಯ ಡಿಸೆಂಬರ್ ೩೧ರಂದು ಶೆಫೀಲ್ಡಿನ ಹತ್ತಿರ ಅವನ ಮೋಟಾರು ಉರುಳಿ ಎಡಗೈ ತುಂಡಾಯಿತು. ವೈದ್ಯರು ಅದನ್ನು ಮರಳಿ ಜೋಡಿಸಿದರು. ನಂಜೇರಿದ್ದರಿಂದ ಮತ್ತೆ ತೆಗೆಯಬೇಕಾಯಿತು. ಆಗ ಅವನಿಗೆ ೨೧ ವರ್ಷ. ಡ್ರಮ್ಮು ಬಾರಿಸುವವನಿಗೆ ಕೈ ಹೋದ ಮೇಲೆ ಇನ್ನೇನು? ನಮ್ಮ ಮಿತ್ರರ ಔಚಿತ್ಯವಿಚಾರದಂತೆ ಅಂದೇ ಅವನಿಗೆ ಶಾಲು ಹೊದೆಸಿ ಮನೆಗೆ ಕಳುಹಿಸಬೇಕಾಗಿತ್ತು. ಅವನ ಜೊತೆಗಾರರು ಹಾಗೆ ಮಾಡಲಿಲ್ಲ. ಬೇರೊಬ್ಬನನ್ನು ತಂದು ಕೂರಿಸದೆ ಅವನಿಗಾಗಿ ಕಾದರು. ಎಡಗೈಯ ಪೆಟ್ಟುಗಳನ್ನು ಎಡಗಾಲಿನಿಂದ ಹೊಡೆಯುವಂತೆ ಕಾಲ್ಮಣೆಗಳನ್ನು ಜೋಡಿಸಿದ ವಿದ್ಯುದ್ವಾದ್ಯವೊಂದು ಸಿದ್ಧವಾಯಿತು. ಅವನು ಕೈಯ ವಿದ್ಯೆಯನ್ನು ಕಾಲಿಗೆ ಮೊದಲಿನಿಂದ ಕಲಿಸಿದನು. ೧೯೮೬ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಎಂಬಲ್ಲಿ ಮಹಾಜನಸ್ತೋಮದ ಮುಂದೆ ಬಾರಿಸಿದನು. ಮರುವರ್ಷ ಹೊರಬಂದ ಅವರ 'ಹಿಸ್ಟೀರಿಯಾ' ಎಂಬ ಧ್ವನಿಮುದ್ರಿಕೆಯು ಅಮೆರಿಕೆಯೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು. ನಾನು ಕಂಡಾಗ ಅವನಿಗೆ ೫೪ ವರ್ಷ. ಎತ್ತರದ ಜಗಲಿಯ ಮೇಲೆ ಕುಳಿತು ಒಂದು ಕೈ, ಎರಡು ಕಾಲುಗಳಿಂದ ಬಾರಿಸುತ್ತಿದ್ದನು. ಕಣ್ಣುಮುಚ್ಚಿ ಕೇಳಿದರೆ ಕೊರತೆಯು ಎಲ್ಲಿಯೂ ತಿಳಿಯದು. ಅದೇ ಮೇಳದ ವಿವಿಯನ್ ಕ್ಯಾಂಪ್‌ಬೆಲ್ ಎಂಬಾತನು ತನಗೆ ಅರ್ಬುದರೋಗವಿದೆಯೆಂದು ೨೦೧೩ರಲ್ಲಿ ತಿಳಿಸಿದವನು. ಚಿಕಿತ್ಸೆ ಪಡೆಯುತ್ತಲೇ ಗಿಟಾರು ನುಡಿಸಿದವನು. ಶರೀರವು ಕುಂದಿದೊಡನೆ ಕಲೆಯೂ ಕುಂದಿತೆಂದು ಕುಳಿತಲ್ಲಿಂದ ತೀರ್ಪು ಕೊಡುವವರು ಇವರನ್ನು ಒಮ್ಮೆ ನೋಡಬೇಕು.

ಎರಡನೆಯದು ಪುನರುಕ್ತಿಯ ಆಕ್ಷೇಪ. ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿಯು ದೋಷವೆಂಬುದು ನಿಜ. ಆದರೆ ಎಲ್ಲಿ? ಹೊಸ ಅರ್ಥವನ್ನು ಹೇಳಹೊರಟ ವಾಕ್ಯದಲ್ಲಿ. ಜಪದಲ್ಲಿ ಅದು ದೋಷವಲ್ಲ, ಪಾರಾಯಣದಲ್ಲಿ ದೋಷವಲ್ಲ, ತಾಯಿಯ ಜೋಗುಳದಲ್ಲಿ ದೋಷವಲ್ಲ. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಅಮರಕೋಶವನ್ನು ನಾವು ಎಷ್ಟು ಬಾರಿ ಉರು ಹೊಡೆಯಲಿಲ್ಲ! ಮುಂದೇನೆಂದು ಗೊತ್ತಿದ್ದರೂ ರಾತ್ರಿಯಿಡೀ ಕುಳಿತು ಅದೇ ಪ್ರಸಂಗವನ್ನು ನೂರನೆಯ ಸಲ ನೋಡುವ ಜಿಲ್ಲೆಯವರು ನಾವು. ಕರ್ಣನು ಸಾಯುವನೆಂದು ತಿಳಿಯದೆ ಯಾರಾದರೂ ಕರ್ಣಪರ್ವದ ಆಟಕ್ಕೆ ಹೋಗುವರೆ? ಅದು ನಮಗೆ ರಸಾಸ್ವಾದ, ಅವರಿಗೆ ಮಾತ್ರ ಹಳಹಳಿಕೆ ಎಂಬುದು ಯಾವ ನ್ಯಾಯ? ಇನ್ನು ಅವರು ಹೊಸದನ್ನು ಕಟ್ಟಲಿಲ್ಲವೆಂಬುದೂ ಸತ್ಯವಲ್ಲ. ಎರಡು ಮೇಳಗಳೂ ೨೦೨೨ರಲ್ಲಿ ಹೊಸ ಧ್ವನಿಮುದ್ರಿಕೆಗಳನ್ನು ಹೊರತಂದುವು. ಹೊಸದನ್ನು ಕಟ್ಟಬಲ್ಲವರು ಹಳೆಯದನ್ನೂ ಹಾಡಿದರೆ ಅದು ದಾರಿದ್ರ್ಯವಲ್ಲ.

ಜರ್ನಿ ಮೇಳವು ೧೯೮೧ರಲ್ಲಿ ಒಂದು ಹಾಡನ್ನು ಹೊರತಂದಿತು. ನಂಬಿಕೆಯನ್ನು ಬಿಡಬೇಡವೆಂಬುದು ಅದರ ಹೆಸರಿನ ತಾತ್ಪರ್ಯ. ಆಗ ಅದು ಜನಪ್ರಿಯವಾದ ಹಲವು ಹಾಡುಗಳಲ್ಲಿ ಒಂದು ಮಾತ್ರ. ೨೦೦೭ರಲ್ಲಿ 'ದಿ ಸೊಪ್ರಾನೋಸ್' ಎಂಬ ಪ್ರಸಿದ್ಧ ದೂರದರ್ಶನ ಕಥಾಮಾಲೆಯ ಕಟ್ಟಕಡೆಯ ದೃಶ್ಯದಲ್ಲಿ ಅದನ್ನು ಕೇಳಿಸಿದರು. ಎರಡು ವರ್ಷಗಳ ಮೇಲೆ ವಿದ್ಯಾರ್ಥಿಗಳ ಕಥೆಯಾದ 'ಗ್ಲೀ' ಎಂಬ ಇನ್ನೊಂದು ಮಾಲೆಯಲ್ಲಿ ಹಾಡಿಸಿದರು. ಅದು ಹೊರಬಂದಾಗ ಹುಟ್ಟಿಯೇ ಇಲ್ಲದ ಮಕ್ಕಳ ಬಾಯಲ್ಲಿ ಅದು ನೆಲೆಯಾಯಿತು. ೨೦೨೨ರಲ್ಲಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್, ಚಿರಕಾಲ ಸಂರಕ್ಷಿಸತಕ್ಕ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಅದನ್ನು ಸೇರಿಸಿತು. ಅಂದು ನಮ್ಮ ಮುಂದಿನ ಸಾಲಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಆಸ್ಪತ್ರೆಯ ಕೆಲಸದಿಂದ ನೇರವಾಗಿ ಬಂದವಳಿರಬೇಕು. ದಾದಿಯರ ಉಡುಪನ್ನು ಬದಲಿಸಿರಲಿಲ್ಲ. ಪಕ್ಕದಲ್ಲಿ ಹದಿನಾರರ ಮಗಳು. ಈ ಹಾಡು ಬಂದಾಗ ಇಬ್ಬರೂ ಎದ್ದು ನಿಂತು, ಒಬ್ಬರ ಮುಖವನ್ನೊಬ್ಬರು ನೋಡುತ್ತ, ಮೊದಲಿಂದ ಕೊನೆಯವರೆಗೆ ಒಂದಕ್ಷರವೂ ತಪ್ಪದೆ ಹಾಡಿದರು. ತಾಯಿಯದು ಹಳಹಳಿಕೆಯೆಂದು ಒಪ್ಪೋಣ. ಮಗಳದು ಏನು? ಕಳೆದುಕೊಳ್ಳುವುದಕ್ಕೆ ಅವಳಿಗೆ ಯೌವನವಿನ್ನೂ ಬಂದೇ ಇಲ್ಲ. ತಾಯಿಯ ಬಾಯಿಂದ ಮಗಳ ಬಾಯಿಗೆ ಬಂದ ಹಾಡಿಗೆ ನಮ್ಮಲ್ಲಿ ಪರಂಪರೆ ಎಂಬ ಗೌರವದ ಹೆಸರಿದೆ.

ಹಳಹಳಿಕೆ ಎಂಬುದನ್ನೂ ಅಷ್ಟು ಹಗುರವಾಗಿ ಕಾಣಬಾರದು. ಅಭಿಜ್ಞಾನವೆಂಬ ಶಬ್ದವನ್ನೇ ನಾಟಕದ ಹೆಸರಿನಲ್ಲಿಟ್ಟ ಕವಿಯ ದೇಶದವರು ನಾವು. ಆ ನಾಟಕದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡನ್ನು ಕೇಳಿ ದುಷ್ಯಂತನು ಏಕೆಂದು ತಿಳಿಯದೆ ಕಳವಳಗೊಳ್ಳುವನು. ಮರೆತುಹೋದುದೊಂದು ಹಾಡಿನ ದಾರಿಯಿಂದ ಮರಳಿ ಬಂದು ಎದೆಯ ಕದವನ್ನು ತಟ್ಟುವುದು. ಅದನ್ನು ಓದಿ ನಾವು ತಲೆದೂಗುತ್ತೇವೆ. ಇಪ್ಪತ್ತು ಸಾವಿರ ಜನ ದುಷ್ಯಂತರು ಒಂದೆಡೆ ಕಣ್ಣೀರು ಹಾಕಿದರೆ ನಗುತ್ತೇವೆ. ನಾಟ್ಯಶಾಸ್ತ್ರದಲ್ಲಿ ಭರತನು ಪ್ರೇಕ್ಷಕರ ಅಭಿರುಚಿಯು ವಯಸ್ಸಿಗೆ ತಕ್ಕಂತೆ ಬೇರೆ ಬೇರೆಯೆಂದು ಹೇಳಿ, ತರುಣರಿಗೆ ಶೃಂಗಾರವನ್ನೂ ವೃದ್ಧರಿಗೆ ಪುರಾಣಕಥೆಗಳನ್ನೂ ಹಂಚಿಕೊಟ್ಟಿರುವನು. ಆ ರಾತ್ರಿ ನಾನು ಕಂಡುದು ವಿಪರ್ಯಯ: ವೃದ್ಧರು ಶೃಂಗಾರದ ಹಾಡಿಗೆ ಎದ್ದು ನಿಂತಿದ್ದರು, ತರುಣರು ಅದನ್ನು ಪುರಾಣದಂತೆ ಭಕ್ತಿಯಿಂದ ಕೇಳುತ್ತಿದ್ದರು. ಆಚಾರ್ಯರ ಕ್ಷಮೆ ಬೇಡಿ ಹೇಳುತ್ತೇನೆ, ಈ ವಿಪರ್ಯಯವು ನನಗೆ ಸೊಗಸಾಗಿಯೇ ಕಂಡಿತು.

ಮೂರನೆಯ ಆಕ್ಷೇಪವು ಶಾಸ್ತ್ರಜ್ಞರಿಗೆ ಪ್ರಿಯವಾದುದು. ಜರ್ನಿ ಮೇಳದ ಕೀರ್ತಿಗೆ ಕಾರಣವಾದ ಕಂಠವು ಸ್ಟೀವ್ ಪೆರ್ರಿಯದು. ಅವನು ಮೇಳವನ್ನು ಬಿಟ್ಟು ಬಹುಕಾಲವಾಯಿತು. ಈಗ ಹಾಡುವವನು ಫಿಲಿಪೀನ್ಸ್ ದೇಶದ ಆರ್ನೆಲ್ ಪಿನೇಡ. ೧೯೬೭ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ಮನಿಲಾ ನಗರದ ಬೀದಿಗಳಲ್ಲಿ ಮಲಗಿ ಬೆಳೆದವನು. ಅವನು ಇತರರ ಹಾಡುಗಳನ್ನು ಹಾಡಿದ ಚಿತ್ರಗಳನ್ನು ೨೦೦೭ರಲ್ಲಿ ಯೂಟ್ಯೂಬಿನಲ್ಲಿ ಕಂಡ ನೀಲ್ ಶಾನನು ಅಮೆರಿಕೆಗೆ ಕರೆಸಿ, ಪರೀಕ್ಷಿಸಿ ಮೇಳಕ್ಕೆ ಸೇರಿಸಿಕೊಂಡನು. ಹಾಗಾದರೆ ಇದು ಅದೇ ಮೇಳವೆ? ಅಂದು ಬೇರೊಂದು ಊರಿನಲ್ಲಿ ಕಂಡ ದೇವದತ್ತನೇ ಇವನು ಎಂಬುದು ಪ್ರತ್ಯಭಿಜ್ಞೆಗೆ ನಮ್ಮವರು ಕೊಡುವ ಉದಾಹರಣೆ. ದೇಶವೂ ಕಾಲವೂ ಬೇರೆಯಾದರೂ ವ್ಯಕ್ತಿಯೊಬ್ಬನೇ. ಪ್ರತಿವಾದಿಯು ಕೂಡಲೇ ದೀಪದ ಜ್ವಾಲೆಯನ್ನು ಮುಂದಿಡುವನು: ಸಂಜೆ ಕಂಡ ಜ್ವಾಲೆಯೇ ಇದೆಂದು ರಾತ್ರಿ ಅನ್ನುತ್ತೇವೆ, ನಿಜವಾಗಿ ಕ್ಷಣಕ್ಷಣಕ್ಕೂ ಬೇರೆ ಜ್ವಾಲೆ, ಸಾದೃಶ್ಯದಿಂದ ಹುಟ್ಟಿದ ಭ್ರಮೆ ಅದು. ಪಿನೇಡನ ಕಂಠದಲ್ಲಿ ಪೆರ್ರಿಯನ್ನು ಕೇಳುವುದೂ ಅಂತಹ ಭ್ರಮೆಯೇ ಎಂಬುದು ಅವನ ವಾದ.

ಇದಕ್ಕೆ ಎರಡು ಉತ್ತರಗಳು. ಮೊದಲನೆಯದಾಗಿ, ಪೆರ್ರಿಯೇ ಮೂಲ ಗಾಯಕನೆಂಬುದು ಸುಳ್ಳು. ಮೇಳವು ಹುಟ್ಟಿದುದು ೧೯೭೩ರಲ್ಲಿ, ಪೆರ್ರಿ ಸೇರಿದುದು ೧೯೭೭ರಲ್ಲಿ. ಮೊದಲ ಮೂರು ಧ್ವನಿಮುದ್ರಿಕೆಗಳಲ್ಲಿ ಅವನ ಕಂಠವೇ ಇಲ್ಲ; ಹಾಡಿದವನು ಗ್ರೆಗ್ ರೋಲಿ. ಆಗಂತುಕನಾಗಿ ಬಂದವನು ಮೂಲಪುರುಷನಾಗಬಹುದಾದರೆ ಎರಡನೆಯ ಆಗಂತುಕನು ಮಾಡಿದ ಅಪರಾಧವೇನು? ಎರಡನೆಯದಾಗಿ, ಜ್ವಾಲೆಯು ಬೇರೆಯಾದರೂ ಎಣ್ಣೆ ಹೊಯ್ದು ಬತ್ತಿ ನೂಕಿದ ಕೈಯೊಂದಿದ್ದರೆ ದೀಪವು ಒಂದೇ. ಅದರ ಬೆಳಕಿನಲ್ಲಿ ಓದುವವನು ಜ್ವಾಲೆಗಳನ್ನು ಎಣಿಸುತ್ತ ಕೂರುವುದಿಲ್ಲ. ನಾವು ಕುಳಿತಿದ್ದ ಭವನವನ್ನೇ ನೋಡಿರಿ: ಆ ಹೆಸರಿನ ಕಟ್ಟಡಗಳಲ್ಲಿ ಅದು ನಾಲ್ಕನೆಯದು. ಮೊದಲೆರಡು ಮಾತ್ರ ಮ್ಯಾಡಿಸನ್ ಚೌಕದ ಬಳಿಯಿದ್ದುವು. ಊರಿನವರು ಹೆಸರನ್ನು ಬಿಡಲಿಲ್ಲ. ಪೆರ್ರಿಯೂ ಈ ವಿಷಯದಲ್ಲಿ ನಮ್ಮ ಮಿತ್ರರಿಗಿಂತ ಉದಾರಿ. ೨೦೧೭ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ಮೇಳವನ್ನು ಸೇರಿಸಿದ ಸಮಾರಂಭದಲ್ಲಿ ಅವನು ವೇದಿಕೆಗೆ ಬಂದು ಮಾತನಾಡಿದನು. ತನ್ನ ಸ್ಥಾನದಲ್ಲಿ ಹಾಡುವ ಪಿನೇಡನನ್ನು ಹೆಸರಿಸಿ ಕೃತಜ್ಞತೆ ಹೇಳಿದನು. ತಾನು ಹಾಡದೆ ಅವನಿಗೆ ಹಾಡಬಿಟ್ಟನು. ಪೂರ್ವಾಧಿಕಾರಿಯೇ ಉತ್ತರಾಧಿಕಾರಿಯನ್ನು ಒಪ್ಪಿದ ಮೇಲೆ ಮೂರನೆಯವರ ತಕರಾರಿಗೆ ಎಡೆಯೆಲ್ಲಿ?

ಆದರೂ ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಹೆಸರು ಆಸ್ತಿಯಾದಾಗ ಅದಕ್ಕೆ ಆಸ್ತಿಯ ರೋಗಗಳೆಲ್ಲ ಅಂಟುತ್ತವೆ. ನಾನು ಅಂದು ಒಂದೇ ವೇದಿಕೆಯಲ್ಲಿ ಕಂಡ ಆ ಮೇಳದವರು ೨೦೨೦ರಲ್ಲಿ ಹೆಸರಿನ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ವ್ಯಾಲರಿಯೂ ಡ್ರಮ್ಮಿನ ಸ್ಟೀವ್ ಸ್ಮಿತ್ತನೂ ಹೊರಹಾಕಲ್ಪಟ್ಟರು, ಮರುವರ್ಷ ರಾಜಿಯಾಯಿತು. ನಲುವತ್ತು ವರ್ಷ ಒಂದೇ ತಾಳಕ್ಕೆ ನಡೆದವರು ವಕೀಲರ ಮೂಲಕ ಮಾತನಾಡುವಂತಾದುದು ದುಃಖದ ಸಂಗತಿ. ಅಣ್ಣತಮ್ಮಂದಿರ ಪಾಲುಪಟ್ಟಿಗಳನ್ನು ಕಂಡ ನಮಗೆ ಅದನ್ನು ನೋಡಿ ನಗುವ ಅಧಿಕಾರವಿಲ್ಲ.

ನಾಲ್ಕನೆಯದು ಹಣ. ಇ‌ದರಲ್ಲಿ ಅರ್ಧವನ್ನು ಒಪ್ಪುತ್ತೇನೆ, ಅರ್ಧವನ್ನು ನಿರಾಕರಿಸುತ್ತೇನೆ. ಹಿಂದೆ ಹಾಡುಗಾರರ ಜೀವನವು ಧ್ವನಿಮುದ್ರಿಕೆಗಳ ಮಾರಾಟದಿಂದ ನಡೆಯುತ್ತಿತ್ತು. ಅಮೆರಿಕೆಯಲ್ಲಿ ಆ ವ್ಯಾಪಾರದ ವರಮಾನವು ೧೯೯೯ರಲ್ಲಿ ಶಿಖರವನ್ನು ಮುಟ್ಟಿ, ಮುಂದಿನ ಹದಿನೈದು ವರ್ಷಗಳಲ್ಲಿ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಹಾಡುಗಳು ಗಣಕಯಂತ್ರಗಳಲ್ಲಿ ಬಿಟ್ಟಿಯಾಗಿ ಹರಿದಾಡತೊಡಗಿದುವು. ಉಳಿದುದು ತಿರುಗಾಟದ ಸಂಪಾದನೆಯೊಂದೇ. ಒಂದು ಮೇಳದ ಸರಂಜಾಮು ಎಂದರೆ ಹತ್ತಾರು ಲಾರಿಗಳು, ನೂರಾರು ಕೆಲಸಗಾರರು. ಎರಡು ಮೇಳಗಳು ಕೂಡಿದರೆ ರಂಗಸ್ಥಳವೂ ದೀಪವೂ ಒಂದೇ. ಇಬ್ಬರ ಅಭಿಮಾನಿಗಳೂ ಒಂದೇ ಚಾವಣಿಯಡಿ ಸೇರುವರು. ಇದು ದಾರಿದ್ರ್ಯದ ಲಕ್ಷಣವೆಂದು ನಮ್ಮ ಮಿತ್ರರು ಹೇಳಿದರು. ನಮ್ಮ ಗದ್ದೆಗಳಲ್ಲಿ ಎರಡು ಮೇಳಗಳು ಎದುರುಬದುರಾಗಿ ರಂಗಸ್ಥಳ ಕಟ್ಟಿ ಬೆಳಗಾಗುವವರೆಗೆ ಜೋಡಾಟ ನಡೆಸುವಾಗ ಇದೇ ಮಿತ್ರರು ಮುಂದಿನ ಚಾಪೆಯಲ್ಲಿ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಅಲ್ಲಿ ಪೈಪೋಟಿ, ಇಲ್ಲಿ ಸರದಿ, ಇಷ್ಟೇ ಭೇದ. ಶ್ರಮಕ್ಕೆ ಕೂಲಿಯನ್ನು ಪಡೆಯುವುದು ಲೋಭವಲ್ಲ.

ನಾನು ಒಪ್ಪುವ ಅರ್ಧವು ಟಿಕೆಟಿನ ವಿಷಯ. ಈ ಹಾಡುಗಳನ್ನು ಮೊದಲು ಹಾಡಿಕೊಂಡವರು ಕಾರಖಾನೆಯ ಕೆಲಸಗಾರರು, ಅಂಗಡಿಯ ಹುಡುಗರು, ದಾದಿಯರು. ಇಂದು ಆ ದೇಶದಲ್ಲಿ ಇಂತಹ ಕೂಟಗಳ ಟಿಕೆಟುಗಳು ಮಧ್ಯವರ್ತಿಗಳ ಕೈಯಲ್ಲಿ ಮರುಮಾರಾಟವಾಗಿ, ಬೆಲೆಗೆ ಮೇಲಿಂದ ಮೇಲೆ ಶುಲ್ಕಗಳು ಸೇರಿ, ಅವರ ಕೈಗೆ ಎಟುಕದಂತೆ ಏರುತ್ತಿವೆ. ಸಂಗೀತ ಕೂಟಗಳನ್ನು ನಡೆಸುವ ಲೈವ್ ನೇಷನ್ ಸಂಸ್ಥೆಯೂ ಟಿಕೆಟು ಮಾರುವ ಟಿಕೆಟ್‌ಮಾಸ್ಟರ್ ಸಂಸ್ಥೆಯೂ ೨೦೧೦ರಲ್ಲಿ ಒಂದಾದುವು. ಅವು ಏಕಸ್ವಾಮ್ಯವನ್ನು ನಡೆಸುತ್ತಿವೆಯೆಂದು ಆರೋಪಿಸಿ ಅಮೆರಿಕೆಯ ನ್ಯಾಯಾಂಗ ಇಲಾಖೆಯು ಹಲವು ರಾಜ್ಯಗಳೊಡನೆ ೨೦೨೪ರ ಮೇ ತಿಂಗಳಲ್ಲಿ ದಾವೆ ಹೂಡಿತು. ಆಕ್ಷೇಪಿಸುವವರು ಆಕ್ಷೇಪಿಸಬೇಕಾದುದು ಇಲ್ಲಿ. ನರೆತ ಗಾಯಕನು ವೇದಿಕೆಯನ್ನು ಹತ್ತಿದುದು ತಪ್ಪಲ್ಲ. ಅವನೊಡನೆ ನರೆತ ಕೇಳುಗನು ಬಾಗಿಲಾಚೆ ಉಳಿದುದು ತಪ್ಪು. ಎಡವಿದ ಕಲ್ಲನ್ನು ಬಿಟ್ಟು ನಡೆಯುವ ಕಾಲನ್ನು ಬೈದರೆ ಪ್ರಯೋಜನವಿಲ್ಲ.

ಹೀಗೆ ಸಿದ್ಧಾಂತವು ಸ್ಪಷ್ಟವಾಯಿತೆಂದು ಭಾವಿಸುತ್ತೇನೆ. ಕಲಾವಿದನನ್ನು ವೇದಿಕೆಯಿಂದ ಇಳಿಸತಕ್ಕುದು ಅವನ ಅಶಕ್ತಿಯೇ ಹೊರತು ಅವನ ವಯಸ್ಸಲ್ಲ. ಅಶಕ್ತಿಯನ್ನು ನಿರ್ಣಯಿಸತಕ್ಕುದು ಕೇಳಿದವರ ಕಿವಿಯೇ ಹೊರತು ಕೇಳದವರ ನಗೆಯಲ್ಲ. ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು ಹೊಸಬನಾಗಿ ನಿಂತು, ಹಳಬರಿಗೆ ಒಗ್ಗಿಹೋದ ಸಭೆಯಿಂದ ನ್ಯಾಯವನ್ನು ಕೇಳಿದನು. ಇಂದು ಹಳಬರು ಹೊಸತಿಗೆ ಮರುಳಾದ ಸಭೆಯ ಮುಂದೆ ನಿಂತು ಅದೇ ನ್ಯಾಯವನ್ನು ಕೇಳಬೇಕಾಗಿದೆ. ನ್ಯಾಯವು ಎರಡು ಕಡೆಗೂ ಒಂದೇ.

ಈಗ ಮೊದಲು ಹೇಳಿದ ಕೊಡೆಯ ಮಾತಿಗೆ ಬರುತ್ತೇನೆ. ಆ ರಾತ್ರಿ ಹಿಂದಿರುಗುವ ರೈಲಿನಲ್ಲಿ ಅಳಿಯನು, "ಹೇಗಿತ್ತು ಮಾವ?" ಎಂದು ಕೇಳಿದನು. ನನಗೆ ಕೂಡಲೇ ಉತ್ತರ ಹೊರಡಲಿಲ್ಲ. ನನ್ನ ಸಮವಯಸ್ಕರು ಬೆವರು ಸುರಿಸಿ ತಮ್ಮ ಕೆಲಸವನ್ನು ಮಾಡುತ್ತಿದ್ದುದನ್ನು ನೋಡಿ ನನಗೆ ಸಂತೋಷವಾಗಿತ್ತು. ಅದರೊಡನೆ, ಸತ್ಯವನ್ನು ಹೇಳುವುದಾದರೆ, ಅಸೂಯೆಯೂ ಆಗಿತ್ತು. ಊರಿಗೆ ಬಂದ ಮೇಲೆ ನೆರೆಮನೆಯ ಮೂವರು ಮಕ್ಕಳಿಗೆ ಜಗಲಿಯಲ್ಲಿ ಕುಳ್ಳಿರಿಸಿ ಶಬ್ದರೂಪಗಳನ್ನು ಹೇಳಿಕೊಡತೊಡಗಿದೆನು. ಈಗ ಹನ್ನೊಂದು ಮಕ್ಕಳು ಬರುತ್ತಾರೆ. ಪಾಠವು ಹಳೆಯದೇ. ಯಾವ ಮಗುವೂ ಅದನ್ನು ಪುನರುಕ್ತಿ ಎನ್ನಲಿಲ್ಲ.

ನಮ್ಮ ಸಂಘಕ್ಕೆ ನನ್ನ ವಿಜ್ಞಾಪನೆ ಒಂದೇ. ಪ್ರತಿವರ್ಷವೂ ವಾರ್ಷಿಕೋತ್ಸವದಲ್ಲಿ ನಾವು ಮುಪ್ಪಾದ ಭಾಗವತರೊಬ್ಬರನ್ನು ಕರೆದು, ಕುರ್ಚಿಯಲ್ಲಿ ಕುಳ್ಳಿರಿಸಿ, ಶಾಲು ಹೊದೆಸಿ, ಫಲತಾಂಬೂಲವನ್ನು ಕೊಟ್ಟು, ಅವರ ಗುಣಗಳನ್ನು ಮುಕ್ಕಾಲು ಗಂಟೆ ವರ್ಣಿಸುತ್ತೇವೆ. ಅವರ ಕೊರಳಿನಿಂದ ಒಂದು ಪದವನ್ನೂ ಕೇಳದೆ ಮನೆಗೆ ಕಳುಹಿಸುತ್ತೇವೆ. ಶಾಲು ಒಳ್ಳೆಯದೇ, ಆದರೆ ಬದುಕಿರುವವನ ಬಾಯಿಯನ್ನು ಮುಚ್ಚುವುದಕ್ಕೆ ಅದನ್ನು ಬಳಸಬಾರದು. ಈ ವರ್ಷ ನಮ್ಮ ಭಾಷಣಗಳನ್ನು ಕಾಲು ಗಂಟೆಗೆ ಇಳಿಸೋಣ. ಉಳಿದ ಅರ್ಧ ಗಂಟೆ ಜಾಗಟೆಯನ್ನು ಅವರ ಕೈಗೆ ಕೊಡೋಣ, ಮದ್ದಳೆಗೆ ಒಬ್ಬರನ್ನು ಕರೆಸೋಣ, ತಕ್ಕ ಸಂಭಾವನೆಯನ್ನೂ ಕೊಡೋಣ. ಶ್ರುತಿ ಇಳಿದಿದ್ದರೆ ಇಳಿದಿರಲಿ. ನಗುವ ಮಿತ್ರರು ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳಲಿ. ಅವರು ಅಂದು ಕೇಳಿದ ಮೇಲೆಯೂ ನಕ್ಕರೆ ನಾನು ಈ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುವೆನು.